ಎದುರಾಳಿಯ ಮಾತನ್ನು ಓದಬಲ್ಲವರು ಬೇಕು

(ವಿದ್ಯಾರ್ಥಿಗಳು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮಕ್ಕಳು ಮುಂದೆ ಏನಾಗಬೇಕೆಂದು ಕೇಳಿದರೆ ನಮ್ಮ ಮನೆಗಳಲ್ಲಿ ಡಾಕ್ಟರ್, ಇಂಜಿನಿಯರ್ ಎಂಬ ಎರಡು ಉತ್ತರಗಳು ಸದಾ ಸಿದ್ಧವಾಗಿರುತ್ತವೆ. ಅವು ಉತ್ತಮ ವೃತ್ತಿಗಳೇ, ಸಂದೇಹವಿಲ್ಲ. ಆದರೆ ಒಂದು ದೇಶದ ಮನಸ್ಸನ್ನು ಇನ್ನೊಂದು ದೇಶಕ್ಕೆ ಅರ್ಥಮಾಡಿಸುವುದೂ ಒಂದು ವೃತ್ತಿಯೇ. ಅಂಥವರ ಮಾತನ್ನು ಕಡೆಗಣಿಸಿದರೆ ಆಗುವ ಅನಾಹುತವೇನು? ಚೀನಾದ ರಾಜಕೀಯ ಮತ್ತು ವಿದೇಶಾಂಗ ನೀತಿಯ ಅಧ್ಯಯನಕ್ಕೆ ಬದುಕನ್ನು ಮುಡಿಪಾಗಿಟ್ಟ ಅಮೆರಿಕದ ವಿದ್ವಾಂಸ ಅಲನ್ ವೈಟಿಂಗ್ ಅವರ ವೃತ್ತಿಜೀವನದಲ್ಲಿ ಇದಕ್ಕೆ ಉತ್ತರವಿದೆ.

ಮೊದಲು 1950ರ ಕೊರಿಯಾ ಯುದ್ಧವನ್ನು ನೆನಪಿಸಿಕೊಳ್ಳೋಣ. ಅಮೆರಿಕದ ನೇತೃತ್ವದ ಪಡೆಗಳು ಉತ್ತರ ಕೊರಿಯಾದ ಗಡಿಯತ್ತ ಧಾವಿಸುತ್ತಿದ್ದವು. ಅಕ್ಟೋಬರ್ 2ರ ನಡುರಾತ್ರಿ ಕಳೆದ ಮೇಲೆ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಅವರು ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಕರೆಸಿಕೊಂಡರು. ಅಮೆರಿಕದ ಸೈನ್ಯ 38ನೇ ಅಕ್ಷಾಂಶವನ್ನು ದಾಟಿದರೆ ಚೀನಾ ಸುಮ್ಮನಿರುವುದಿಲ್ಲ ಎಂದು ತಿಳಿಸಿದರು. ದೆಹಲಿಯ ಮೂಲಕ ಆ ಸಂದೇಶ ವಾಷಿಂಗ್ಟನ್‌ಗೆ ತಲುಪಿತು. ಆದರೆ ಅಲ್ಲಿ ಅದನ್ನು ನಂಬಲಿಲ್ಲ. ಪಣಿಕ್ಕರ್ ಚೀನಾದ ಪರವಾದವರೆಂಬ ಪೂರ್ವಗ್ರಹವೇ ಅದಕ್ಕೆ ಒಂದು ಕಾರಣ. ಸಂದೇಶ ತಂದವರ ಬಗೆಗಿನ ಸಂಶಯವು ಸಂದೇಶವನ್ನೇ ನುಂಗಿಹಾಕಿತು. ಅದೇ ತಿಂಗಳು ಚೀನಾದ ಸೈನ್ಯ ಯಾಲು ನದಿಯನ್ನು ದಾಟಿತು. ಯುದ್ಧ 1953ರವರೆಗೆ ಮುಂದುವರಿದು ಲಕ್ಷಾಂತರ ಜೀವಗಳನ್ನು ಬಲಿ ಪಡೆಯಿತು.

1926ರಲ್ಲಿ ಜನಿಸಿದ ವೈಟಿಂಗ್ ಈ ಘಟನೆಯನ್ನೇ ಅಧ್ಯಯನಕ್ಕೆ ಎತ್ತಿಕೊಂಡರು. ಚೀನಾದ ಪತ್ರಿಕೆಗಳು, ರೇಡಿಯೋ ಪ್ರಸಾರಗಳು, ಅಧಿಕೃತ ಹೇಳಿಕೆಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಪದಗಳು ಯಾವಾಗ ಕಠಿಣವಾದವು ಎಂಬುದನ್ನು ಪರಿಶೀಲಿಸಿದರು. 1960ರಲ್ಲಿ ಪ್ರಕಟವಾದ ಅವರ ಗ್ರಂಥವು, ಚೀನಾ ಯುದ್ಧಕ್ಕಿಳಿದುದರಲ್ಲಿ ತನ್ನ ಭದ್ರತೆಯ ಬಗೆಗಿನ ಭಯವೇ ಮುಖ್ಯವಾಗಿತ್ತೆಂದು ವಾದಿಸಿತು. ಎದುರಾಳಿಯ ಭಯವನ್ನು ಅರಿಯುವುದೆಂದರೆ ಅವನ ಕೃತ್ಯವನ್ನು ಸಮರ್ಥಿಸುವುದಲ್ಲ. ಈ ವ್ಯತ್ಯಾಸವನ್ನು ನಾವು ಮರೆಯಬಾರದು.

ಬಳಿಕ ಅವರು ಅಮೆರಿಕದ ವಿದೇಶಾಂಗ ಇಲಾಖೆಯನ್ನು ಸೇರಿದರು. ವಿಯೆಟ್ನಾಂ ಯುದ್ಧವನ್ನು ವಿಸ್ತರಿಸಿದರೆ ಚೀನಾ ಕೈಕಟ್ಟಿ ಕೂರಲಾರದೆಂದು ಎಚ್ಚರಿಸಿದವರಲ್ಲಿ ಅವರೂ ಒಬ್ಬರು. 1965ರಿಂದ ಚೀನಾ ಉತ್ತರ ವಿಯೆಟ್ನಾಂಗೆ ತನ್ನ ಸೈನಿಕರನ್ನು ಕಳುಹಿಸಿತು. ಹಾಂಗ್‌ಕಾಂಗ್‌ನ ಅಮೆರಿಕನ್ ದೂತಾವಾಸದಲ್ಲಿ ಸೇವೆ ಸಲ್ಲಿಸಿ, 1968ರಲ್ಲಿ ಅವರು ಮಿಷಿಗನ್ ವಿಶ್ವವಿದ್ಯಾನಿಲಯದ ಅಧ್ಯಾಪಕರಾದರು.

1975ರ ಅವರ ಇನ್ನೊಂದು ಗ್ರಂಥ ನೇರವಾಗಿ ನಮಗೆ ಸಂಬಂಧಿಸಿದುದು. 1962ರ ಅಕ್ಟೋಬರ್ 20ರಂದು ಆರಂಭವಾದ ಭಾರತ-ಚೀನಾ ಯುದ್ಧಕ್ಕೆ ಮುನ್ನ ಚೀನಾ ಹಲವು ಎಚ್ಚರಿಕೆಗಳನ್ನು ನೀಡಿತ್ತು, ಟಿಬೆಟಿನ ಬಗೆಗಿನ ಆತಂಕವೂ ಅದರ ಹಿಂದಿತ್ತು ಎಂದು ಅವರು ತೋರಿಸಿದರು. ನಮ್ಮಲ್ಲಿ ಇದು ಕಹಿಯಾದ ಮಾತು. ಆದರೆ ಕಹಿಯೆಂದು ಓದದಿರುವುದು ದೇಶಪ್ರೇಮವಲ್ಲ. 2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಮಂದಿ ಯೋಧರು ಹುತಾತ್ಮರಾದ ಮೇಲಂತೂ ಇಂಥ ಅಧ್ಯಯನದ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು.

ವೈಟಿಂಗ್ ಹೇಳಿದ್ದೆಲ್ಲವೂ ಕೊನೆಯ ಮಾತಲ್ಲ. 1990ರ ದಶಕದಲ್ಲಿ ರಷ್ಯಾ ಮತ್ತು ಚೀನಾದ ದಾಖಲೆಗಳು ಹೊರಬಂದಾಗ, ಕೊರಿಯಾ ಯುದ್ಧಕ್ಕೆ ಇಳಿಯಲು ಮಾವೋ ಅವರು ಭಾವಿಸಿದ್ದಕ್ಕಿಂತ ಹೆಚ್ಚು ಸಿದ್ಧರಿದ್ದರೆಂದು ಇತರ ವಿದ್ವಾಂಸರು ತೋರಿಸಿದರು. ಹೊಸ ಪುರಾವೆಯ ಮುಂದೆ ಹಳೆಯ ತೀರ್ಮಾನ ತಲೆಬಾಗಬೇಕು. ಪ್ರಚಾರಕ್ಕೂ ಅಧ್ಯಯನಕ್ಕೂ ಇರುವ ಅಂತರವೇ ಅದು.

ವೈಟಿಂಗ್ 1958ರಲ್ಲೇ ಕ್ಸಿನ್‌ಜಿಯಾಂಗ್ ಪ್ರಾಂತ್ಯದ ಬಗ್ಗೆ ಒಂದು ಗ್ರಂಥ ಹೊರತಂದಿದ್ದರು. ಅದು ಉಯಿಗರ್ ಮುಸ್ಲಿಮರ ನೆಲ. ಅಲ್ಲಿ ಮಾನವತೆಯ ವಿರುದ್ಧದ ಅಪರಾಧಗಳು ನಡೆದಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2022ರ ಆಗಸ್ಟ್‌ನಲ್ಲಿ ವರದಿ ನೀಡಿತು. ಈ ಸುದ್ದಿ ಕೇಳಿ ನಾವು ನೊಂದುಕೊಳ್ಳುತ್ತೇವೆ, ಆದರೆ ಆ ಪ್ರಾಂತ್ಯದ ಚರಿತ್ರೆಯನ್ನು ಓದಿದವರು ನಮ್ಮಲ್ಲಿ ಎಷ್ಟು ಮಂದಿ? ಚೀನೀ ಭಾಷೆಯ ಮೂಲ ದಾಖಲೆಯನ್ನು ಓದಬಲ್ಲವರು ಎಷ್ಟು ಮಂದಿ? ಜ್ಞಾನವಿಲ್ಲದ ಮರುಕವು ಮರ್ದಿತನಿಗೆ ಸಾಕ್ಷಿ ನುಡಿಯಲಾರದು.

ದಾರಿಗಳೇನೂ ಮುಚ್ಚಿಲ್ಲ. ಶಾಂತಿನಿಕೇತನದಲ್ಲಿ 1937ರಿಂದ ಚೀನಾ ಭವನವಿದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಚೀನೀ ಭಾಷೆಯನ್ನು ಕಲಿಸಲಾಗುತ್ತದೆ. ಹೆತ್ತವರೇ, ನಿಮ್ಮ ಮಗಳು ಇತಿಹಾಸ ಅಥವಾ ಭಾಷೆಯನ್ನು ಕಲಿಯುತ್ತೇನೆಂದರೆ, ಅದರಿಂದ ಏನು ಸಿಗುತ್ತದೆ ಎಂದು ತಕ್ಷಣ ಕೇಳಬೇಡಿ. ಪಣಿಕ್ಕರ್ ತಲುಪಿಸಿದಂಥ ಸಂದೇಶ ನಾಳೆ ದೆಹಲಿಗೆ ಬಂದಾಗ, ಅದನ್ನು ಓದಿ ಅರ್ಥ ಹೇಳಬಲ್ಲವಳು ಅವಳೇ ಆಗಿರಬಹುದು.