ಬಾಣದ ಬಂಡಿಯಲ್ಲಿ ಪರದೇಶಿಗಳು

(ಗಿರಣಿ ಕೆಲಸಗಾರರೂ ಪೇಟೆಯ ಅಂಗಡಿಕಾರರೂ ಸೇರಿದ್ದ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಜಪಾನಿನ ಶಿಕ್ಷಕ ಗೆಳೆಯರ ಕರೆಯ ಮೇಲೆ ನಾವು ಮೂವರು ಆ ದೇಶಕ್ಕೆ ಹೋಗಿ ಬಂದದ್ದು ನಿಮಗೆ ಗೊತ್ತೇ ಇದೆ. ಬಂದ ದಿನದಿಂದ ಎಲ್ಲರದೂ ಒಂದೇ ಪ್ರಶ್ನೆ: "ಮೇಷ್ಟ್ರೇ, ಆ ಗುಂಡಿನ ಗಾಡಿ ಹತ್ತಿದಿರಾ? ಹೇಗಿತ್ತು?" ಬೌದ್ಧ ದೇವಾಲಯಗಳ ವಿಚಾರ ಕೇಳಿದವರು ಒಬ್ಬರೂ ಇಲ್ಲ. ಇರಲಿ, ಗಾಡಿಯ ಮಾತೇ ಆಡೋಣ.

ಅದನ್ನು ಅಲ್ಲಿಯವರು ಷಿಂಕಾನ್‌ಸೆನ್ ಎನ್ನುತ್ತಾರೆ. ಹೊಸ ಮುಖ್ಯ ಮಾರ್ಗ ಎಂದಷ್ಟೇ ಅದರ ಅರ್ಥ. ಮೊದಲ ಗಾಡಿ 1964ರ ಅಕ್ಟೋಬರ್ 1ರಂದು ಟೋಕಿಯೋದಿಂದ ಒಸಾಕಾಕ್ಕೆ ಓಡಿತು. ದೂರ 515 ಕಿಲೋಮೀಟರು, ಆಗ ನಾಲ್ಕು ಗಂಟೆಯ ದಾರಿ. ಇಂದು ಎಲ್ಲಕ್ಕಿಂತ ವೇಗದ 'ನೊಝೋಮಿ' ಎರಡೂವರೆ ಗಂಟೆಯೊಳಗೆ ಮುಟ್ಟಿಸುತ್ತದೆ. ಅದೇ ಹಳಿಯ ಮೇಲೆ 'ಹಿಕಾರಿ' ಎಂಬ ನಡುವಣ ಗಾಡಿಯಿದೆ. ಹದಿನೇಳು ನಿಲ್ದಾಣಗಳಲ್ಲಿಯೂ ನಿಂತು ಹೋಗುವ 'ಕೊಡಾಮಾ' ಇದೆ. ಕೊಡಾಮಾ ಎಂದರೆ ನಮ್ಮ ಪ್ಯಾಸೆಂಜರ್ ಗಾಡಿಯ ತಮ್ಮ ಎನ್ನಿ. ಆದರೂ ಅದು ನಾಲ್ಕು ಗಂಟೆಯಲ್ಲಿ ತಲುಪುತ್ತದೆ.

ಮೊದಲು ದುಡ್ಡಿನ ಮಾತು. ಪರದೇಶದಿಂದ ನೋಡಲು ಬಂದವರಿಗೆಂದೇ ಏಳು ದಿನ ಬೇಕಾದಷ್ಟು ತಿರುಗಾಡುವ ಒಂದು ಪಾಸು ಇದೆ. ಅದನ್ನು ಕೊಂಡುಬಿಡಿ, ಲಾಭ ಎಂದು ಹಿಂದೆ ಹೋಗಿಬಂದವರೆಲ್ಲ ಹೇಳಿದ್ದರು. ಅವರು ಹೋಗಿದ್ದು 2023ಕ್ಕೆ ಮುಂಚೆ. ಆಗ ಅದರ ಬೆಲೆ 29,650 ಯೆನ್. ಆ ವರ್ಷದ ಅಕ್ಟೋಬರಿನಲ್ಲಿ ಒಂದೇ ನೆಗೆತಕ್ಕೆ 50,000 ಆಯಿತು! ನಮ್ಮೊಡನೆ ಬಂದಿದ್ದ ದಿನಸಿ ಅಂಗಡಿಯ ಗೆಳೆಯರು ಕಾಗದ ತೆಗೆದು ಲೆಕ್ಕ ಹಾಕಿದರು. ಟೋಕಿಯೋದಿಂದ ಕ್ಯೋಟೋಗೆ ಒಂದು ಸಲಕ್ಕೆ ಸುಮಾರು 14,000 ಯೆನ್, ಅಂದರೆ ನಮ್ಮ ಎಂಟು ಸಾವಿರ ರೂಪಾಯಿಯ ಆಸುಪಾಸು. ಹೋಗಿಬರಲು 28,000. ಹಿರೋಷಿಮಾದವರೆಗೆ ಹೋಗಿ ಬಂದರೂ 40,000 ದಾಟುವುದಿಲ್ಲ. ಅದೂ ಅಲ್ಲದೆ ಪಾಸು ಇದ್ದರೂ ನೊಝೋಮಿ ಹತ್ತಲು ಮೇಲೆ ಬೇರೆ ದುಡ್ಡು ಕೊಡಬೇಕು. "ಇದು ಸಗಟು ಖರೀದಿಯಲ್ಲಿ ಚಿಲ್ಲರೆಗಿಂತ ಹೆಚ್ಚು ದರ ಕೊಟ್ಟಂತೆ" ಎಂದು ಅವರು ಕಾಗದ ಮಡಿಚಿಟ್ಟರು. ನಾವು ಬಿಡಿ ಟಿಕೀಟನ್ನೇ ಕೊಂಡೆವು. ದಿನವೂ ಊರೂರು ಹಾರುವವರಿಗೆ ಪಾಸು ಸರಿ. ಎರಡು ಮೂರು ಊರು ನೋಡುವವರು ಅದಕ್ಕೆ ಕೈ ಹಾಕುವುದು ಬೇಡ.

ಟಿಕೀಟು ಎಂದರೆ ಒಂದಲ್ಲ, ಎರಡು ಚೀಟಿ. ಒಂದು ಪ್ರಯಾಣದ ದರಕ್ಕೆ, ಇನ್ನೊಂದು ವೇಗಕ್ಕೆ. ಬಾಗಿಲಿನ ಯಂತ್ರಕ್ಕೆ ಎರಡನ್ನೂ ಸೇರಿಸಿ ತುರುಕಬೇಕು. ನಾವು ಒಂದನ್ನೇ ಹಾಕಿದೆವು. ಯಂತ್ರ ಕೂಗಿಕೊಂಡು ಅಡ್ಡ ಹಲಗೆ ಹಾಕಿತು. ಹಿಂದೆ ನಿಂತ ಮೂವತ್ತು ಜನರಲ್ಲಿ ಒಬ್ಬರೂ ಬೈಯಲಿಲ್ಲ, ಅದೇ ನಮಗೆ ಹೆಚ್ಚು ನಾಚಿಕೆಯಾಯಿತು. ಇಳಿದ ಊರಿನಲ್ಲಿ ಆ ಚೀಟಿಗಳನ್ನು ಯಂತ್ರ ನುಂಗಿಬಿಡುತ್ತದೆ. ನಿಮಗೆ ತಂದು ತೋರಿಸೋಣವೆಂದರೆ ನಮ್ಮ ಬಳಿ ಒಂದೂ ಇಲ್ಲ.

ಗಂಟುಮೂಟೆಯ ವಿಷಯದಲ್ಲಿಯೂ ಒಂದು ಪಾಠ ಕಲಿತೆವು. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂಟಿಮೀಟರು ದಾಟಿದರೆ ಅದಕ್ಕೆ ಸ್ಥಳವಿರುವ ಆಸನವನ್ನು ಮುಂಚೆಯೇ ಗೊತ್ತುಮಾಡಬೇಕು. ಹಾಗೆ ಗೊತ್ತುಮಾಡಿದರೆ ಹೆಚ್ಚಿನ ಖರ್ಚಿಲ್ಲ. ಮಾಡದೆ ಹತ್ತಿದರೆ ಸಾವಿರ ಯೆನ್ ದಂಡ. ನಮ್ಮ ದೊಡ್ಡ ಪೆಟ್ಟಿಗೆಗೆ ಆ ಸಾವಿರ ಹೋಯಿತು. ಅದರಲ್ಲಿದ್ದದ್ದು ಏನು? ಅವಲಕ್ಕಿ, ಚಟ್ನಿಪುಡಿ! ಹಾಗೆಂದು ಅವಲಕ್ಕಿ ವ್ಯರ್ಥವಾಗಲಿಲ್ಲ. ನಿಲ್ದಾಣದಲ್ಲಿ ಮಾರುವ ಊಟದ ಡಬ್ಬಿಗಳಲ್ಲಿ ಮೀನು ಇಲ್ಲದ್ದು ಸಿಗುವುದು ಕಷ್ಟ, ಒಸಾಕಾ ಹಾದಿಯ ಗಾಡಿಗಳ ಸಾಮಾನ್ಯ ಡಬ್ಬಿಗಳಲ್ಲಿ ತಳ್ಳುಗಾಡಿಯ ತಿಂಡಿ ಮಾರಾಟವೂ 2023ರಲ್ಲಿ ನಿಂತುಹೋಗಿದೆ.

ಓಡುವ ಬಗೆ ಹೇಗೆಂದರೆ, ಲೋಟದ ನೀರು ತುಳುಕುವುದಿಲ್ಲ. ಬಲಗಡೆಯ ಕಿಟಕಿಯಲ್ಲಿ ಕೂತವರಿಗೆ ಮೋಡವಿಲ್ಲದಿದ್ದರೆ ಫ್ಯೂಜಿ ಪರ್ವತ ಕಾಣುತ್ತದೆ. ನಮಗೆ ಮೋಡವೇ ಕಂಡಿತು. 1964ರಿಂದ ಇಂದಿನವರೆಗೆ ಗಾಡಿ ಹಳಿ ತಪ್ಪಿಯೋ ಡಿಕ್ಕಿ ಹೊಡೆದೋ ಇದರೊಳಗಿನ ಒಬ್ಬ ಪ್ರಯಾಣಿಕನೂ ಸತ್ತಿಲ್ಲ. ಇದು ಸಣ್ಣ ಮಾತಲ್ಲ. ಹೇಗೆ ಸಾಧ್ಯವಾಯಿತು? ಈ ಹಳಿಗೆ ಅಡ್ಡವಾಗಿ ರಸ್ತೆಯ ಗೇಟು ಇಲ್ಲ, ಸರಕು ಗಾಡಿಯೂ ಇದರ ಮೇಲೆ ಓಡುವುದಿಲ್ಲ. ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಗಾಡಿಯೇ ಇಲ್ಲ. ಆ ಆರು ಗಂಟೆ ಹಳಿಯ ಕೆಲಸಗಾರರದು. ನಾವು ನಿದ್ದೆಹೋದಾಗ ಅವರು ದೀಪ ಹಿಡಿದು ಹಳಿ ನೋಡುತ್ತಾರೆ. ನಿಮ್ಮಲ್ಲಿ ರಾತ್ರಿ ಪಾಳಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೋಕಿಯೋ ನಿಲ್ದಾಣದಲ್ಲಿ ಗಾಡಿ ಬಂದು ನಿಂತೊಡನೆ ಕಸ ಗುಡಿಸುವವರು ಏಳು ನಿಮಿಷದಲ್ಲಿ ಇಡೀ ಗಾಡಿ ತೊಳೆದು, ಆಸನಗಳನ್ನು ತಿರುಗಿಸಿ, ಸಾಲಾಗಿ ನಿಂತು ನಮಸ್ಕರಿಸಿ ಹೋಗುತ್ತಾರೆ. ಪ್ರವಾಸಿಗಳು ಅದರ ಚಿತ್ರ ತೆಗೆಯುತ್ತಾರೆ. ನಮ್ಮ ಕೈಯೂ ಕ್ಯಾಮರಾದತ್ತ ಹೋಯಿತು, ಆಮೇಲೆ ಹಿಂದಕ್ಕೆ ಬಂತು.

ಈ ಚೊಕ್ಕತನಕ್ಕೆ ಯಾರು ಬೆಲೆ ತೆತ್ತರು ಎಂದು ನಮಗೆ ಹೇಳಿದವರು ಆ ಶಿಕ್ಷಕ ಗೆಳೆಯರೇ. ಈ ಮಾರ್ಗವನ್ನು ಕಟ್ಟಿದ್ದು ಖಾಸಗಿ ಕಂಪನಿಯಲ್ಲ, ಜಪಾನಿನ ರಾಷ್ಟ್ರೀಯ ರೈಲ್ವೆ. ಅದಕ್ಕೆ ವಿಶ್ವಬ್ಯಾಂಕು 1961ರಲ್ಲಿ 8 ಕೋಟಿ ಡಾಲರು ಸಾಲ ಕೊಟ್ಟಿತ್ತು. ಸಾಲ 1981ರಲ್ಲಿ ತೀರಿತು. 1987ರಲ್ಲಿ ಸರಕಾರ ಆ ರೈಲ್ವೆಯನ್ನೇ ಒಡೆದು ಕಂಪನಿಗಳಿಗೆ ಹಂಚಿತು. ಸಾಲದ ಹೊರೆ ವಿಪರೀತವಾಗಿದ್ದದ್ದು ನಿಜ. ಆದರೆ ಕೊಕುರೊ ಎಂಬ ರೈಲ್ವೆ ಕೆಲಸಗಾರರ ಬಲವಾದ ಸಂಘವನ್ನು ಮುರಿಯುವುದೂ ಉದ್ದೇಶವಾಗಿತ್ತೆಂದು ಆಗಿನ ಪ್ರಧಾನಿ ನಕಸೋನೆ ಅವರೇ ಅನಂತರ ಒಪ್ಪಿಕೊಂಡರು. ಹೊಸ ಕಂಪನಿಗಳು ಸಂಘದ ಅನೇಕರನ್ನು ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ 1990ರಲ್ಲಿ 1,047 ಜನರನ್ನು ಮನೆಗೆ ಕಳಿಸಿದರು. ಅವರು ಇಪ್ಪತ್ತು ವರ್ಷ ಹೋರಾಡಿದರು. 2010ರಲ್ಲಿ ಪರಿಹಾರದ ಹಣ ಬಂತು, ಕೆಲಸ ಬರಲಿಲ್ಲ.

ಇನ್ನೊಂದು ಸಂಗತಿ. 2005ರ ಏಪ್ರಿಲ್ 25ರಂದು ಅಮಗಸಾಕಿಯಲ್ಲಿ ಒಂದು ಸಾಮಾನ್ಯ ಗಾಡಿ, ಗುಂಡಿನ ಗಾಡಿಯಲ್ಲ, ತಿರುವಿನಲ್ಲಿ ಹಳಿ ತಪ್ಪಿ ಮನೆಗಳ ಕಟ್ಟಡಕ್ಕೆ ನುಗ್ಗಿತು. 107 ಜನ ಸತ್ತರು. ಚಾಲಕನಿಗೆ ಇಪ್ಪತ್ತಮೂರು ವರ್ಷ. ಗಾಡಿ ತಡವಾಗಿದ್ದದ್ದು ಒಂದೂವರೆ ನಿಮಿಷಕ್ಕೂ ಕಡಿಮೆ. ತಡ ಮಾಡಿದ ಚಾಲಕರನ್ನು ಕೂಡಿಸಿ ಅವಮಾನ ಮಾಡುವ 'ಮರುಶಿಕ್ಷಣ'ದ ಪದ್ಧತಿ ಅಲ್ಲಿತ್ತು. ಆ ಹುಡುಗ ಅದನ್ನು ಉಂಡವನು. ನಾವು ಮೇಷ್ಟರಾಗಿದ್ದವರು, ತಡವಾಗಿ ಬಂದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು ನೆನಪಾಯಿತು.

ಹೊಸ ಮಾರ್ಗ ಬಂದ ಕಡೆ ಹಳೆಯ ಮಾರ್ಗದ ಗತಿಯನ್ನೂ ನೋಡಬೇಕು. 1997ರಲ್ಲಿ ನಗಾನೋವರೆಗೆ ಗುಂಡಿನ ಗಾಡಿ ಬಂದಾಗ, ಉಸುಯಿ ಘಾಟಿಯನ್ನು ಹತ್ತುತ್ತಿದ್ದ ಹಳೆಯ ಹನ್ನೊಂದು ಕಿಲೋಮೀಟರು ಹಳಿಯನ್ನು ಮುಚ್ಚಿದರು. ಅಲ್ಲಿ ಈಗ ಬಸ್ಸು. ಉಳಿದ ತುಂಡನ್ನು ಸ್ಥಳೀಯ ಆಡಳಿತಗಳು ಸೇರಿ ಕಟ್ಟಿದ ಕಂಪನಿಯ ತಲೆಗೆ ಕಟ್ಟಿದರು. 2024ರ ಮಾರ್ಚಿನಲ್ಲಿ ತ್ಸುರುಗಾ ಊರಿನವರೆಗೆ ಹಳಿ ಬಂದ ಮೇಲೆ, ಒಸಾಕಾದಿಂದ ಕನಜಾವಾಕ್ಕೆ ನೇರ ಹೋಗುತ್ತಿದ್ದವರು ನಡುವೆ ಇಳಿದು ಗಾಡಿ ಬದಲಿಸಬೇಕಾಗಿದೆ. ಪ್ರವಾಸಿಗೆ ಇದು ಹತ್ತು ನಿಮಿಷದ ತೊಂದರೆ. ನಡುವಣ ಊರಿನ ಅಂಗಡಿಕಾರನಿಗೆ?

ನಮ್ಮಲ್ಲಿಯೂ ಮುಂಬಯಿ ಅಹಮದಾಬಾದುಗಳ ನಡುವೆ 508 ಕಿಲೋಮೀಟರಿನ ಇಂಥದೇ ಮಾರ್ಗಕ್ಕೆ ಜಪಾನಿನ ಸಾಲದಲ್ಲಿ 2017ರಲ್ಲಿ ಅಡಿಗಲ್ಲು ಹಾಕಿದ್ದಾರೆ. ನಾವು ಅದರ ವಿರೋಧಿಗಳೋ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದಿರಿ. ಅಲ್ಲ. ಹತ್ತಿ ಬಂದವರು ನಾವು, ಸುಖಪಟ್ಟವರು. ಆದರೆ ಕೊಡಾಮಾ ಇಲ್ಲದ ನೊಝೋಮಿ ನಮಗೆ ಬೇಡ; ಬೆಳಗಿನ ಪಾಳಿಗೆ ಹಳ್ಳಿಯಿಂದ ಬರುವವರ ಪ್ಯಾಸೆಂಜರು ಹೊತ್ತಿಗೆ ಸರಿಯಾಗಿ ಬರುತ್ತದೆಯೇ ಎಂಬುದನ್ನು ಮೊದಲು ಕೇಳುತ್ತೇವೆ. ಇಂದು ಅದು ಎಷ್ಟು ತಡವಾಗಿ ಬಂತು, ಬಂದವರು ಯಾರಾದರೂ ಎದ್ದು ಹೇಳಿ.