ಭೂತಾನಿನ ಹೊಳೆ, ಕೊರಟಗೆರೆಯ ದೀಪ

ನಮ್ಮ ಹಿತ್ತಲಿನ ಗೋಡೆಯಲ್ಲಿ ಒಂದು ಇಟ್ಟಿಗೆ ಬಿದ್ದುಹೋಗಿ ಕಿಂಡಿಯಾಗಿದೆ. ಅದನ್ನು ಮುಚ್ಚಿಸೋಣ ಅಂದರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಪಕ್ಕದ ಮನೆಯ ಹೆಪ್ಪು ಬರುವುದು ಆ ಕಿಂಡಿಯಿಂದಲೇ, ನಮ್ಮ ಕರಿಬೇವು ಅತ್ತ ಹೋಗುವುದೂ ಅದರಿಂದಲೇ. ಅವರಲ್ಲಿ ಹಸುವಿದೆ, ನಮ್ಮಲ್ಲಿ ಗಿಡವಿದೆ, ಅಷ್ಟೆ.

ಮಕ್ಕಳೇ, ದೇಶಗಳ ನಡುವೆಯೂ ಇಂಥ ಕಿಂಡಿಗಳಿವೆ. ದೊಡ್ಡವರು ಅದಕ್ಕೆ ವ್ಯಾಪಾರ, ಆಮದು, ರಫ್ತು ಅಂತೆಲ್ಲ ಹೆಸರಿಟ್ಟಿದ್ದಾರೆ. ಹೊರಗಿನಿಂದ ಕೊಂಡು ತಂದರೆ ಆಮದು, ಹೊರಗೆ ಮಾರಿದರೆ ರಫ್ತು. ಹೆಪ್ಪಿಗೆ ನಾವು ಲೆಕ್ಕ ಬರೆಯುವುದಿಲ್ಲ, ದೇಶಗಳು ಬರೆಯುತ್ತವೆ. ಮಿಕ್ಕಿದ್ದೆಲ್ಲ ಹೆಚ್ಚುಕಡಿಮೆ ಒಂದೇ.

ಇವತ್ತು ನಾವು ಇಣುಕಿ ನೋಡುವುದು ಭೂತಾನಿನ ಕಡೆಯ ಕಿಂಡಿಯಲ್ಲಿ. ಭೂಪಟದಲ್ಲಿ ಬಂಗಾಳದ ನೆತ್ತಿಯ ಮೇಲೆ, ಹಿಮಾಲಯದ ಮಡಿಲಲ್ಲಿ ಪುಟ್ಟದಾಗಿ ಕೂತಿದೆ ಆ ದೇಶ. ಎಷ್ಟು ಪುಟ್ಟದು ಅಂತೀರಾ? 2011ರ ಜನಗಣತಿಯಲ್ಲಿ ನಮ್ಮ ತುಮಕೂರು ಜಿಲ್ಲೆಯಲ್ಲಿ 26 ಲಕ್ಷಕ್ಕೂ ಹೆಚ್ಚು ಜನರಿದ್ದರು. ಇಡೀ ಭೂತಾನಿನಲ್ಲಿ ಇರುವವರು 8 ಲಕ್ಷವೂ ಇಲ್ಲ. ಅಲ್ಲಿನ ದುಡ್ಡಿನ ಹೆಸರು ನ್ಗುಲ್ಟ್ರಮ್. ಹೇಳಲು ನಾಲಿಗೆ ತೊಡರುತ್ತದೆ, ಆದರೆ ಲೆಕ್ಕ ಸುಲಭ: ಒಂದು ನ್ಗುಲ್ಟ್ರಮ್ ಅಂದರೆ ಸರಿಯಾಗಿ ಒಂದು ರೂಪಾಯಿ.

ಭೂತಾನಿನಲ್ಲಿ ಜನ ಕಡಿಮೆ, ಹೊಳೆಗಳು ಜಾಸ್ತಿ. ನಮ್ಮ ಸುವರ್ಣಮುಖಿ ಮಳೆ ಬಂದರೆ ಹೊಳೆ, ಇಲ್ಲದಿದ್ದರೆ ಮರಳು. ಅಲ್ಲಿನ ಹೊಳೆಗಳಿಗೆ ಮಳೆಯ ನೀರೂ ಇದೆ, ಹಿಮ ಕರಗಿದ ನೀರೂ ಇದೆ, ಬೆಟ್ಟದಿಂದ ಧುಮುಕಲು ಇಳಿಜಾರೂ ಇದೆ. ನಲ್ಲಿಯ ಕೆಳಗೆ ಗಿರಿಗಿಟ್ಲೆ ಹಿಡಿದರೆ ಗಿರ್ರನೆ ತಿರುಗುತ್ತದಲ್ಲ? ಭಾರೀ ದೊಡ್ಡ ಕಬ್ಬಿಣದ ಗಿರಿಗಿಟ್ಲೆಯನ್ನು ಹೊಳೆ ತಿರುಗಿಸುವುದನ್ನು ಕಣ್ಣಮುಂದೆ ತಂದುಕೊಳ್ಳಿ. ಅದು ತಿರುಗಿದರೆ ಕರೆಂಟು ಹುಟ್ಟುತ್ತದೆ. ವಾಂಗ್‌ಚು ಎಂಬ ಹೊಳೆಯ ದಂಡೆಯಲ್ಲಿ, ಚುಖಾ ಎಂಬಲ್ಲಿ, ಭಾರತ ದುಡ್ಡು ಕೊಟ್ಟು ಕಟ್ಟಿಸಿದ ಇಂಥ ಕರೆಂಟು ಕೇಂದ್ರ 1986ರಲ್ಲಿ ಕೆಲಸ ಶುರುಮಾಡಿತು. ಅದೇ ಹೊಳೆಯಲ್ಲಿ ಇನ್ನೂ ಕೆಳಗೆ ತಾಲಾ ಎಂಬ ಇನ್ನೊಂದು ದೊಡ್ಡ ಕೇಂದ್ರವಿದೆ. ಒಂದೇ ನೀರು, ಎರಡು ಸಲ ದುಡಿಮೆ!

ಅಷ್ಟೊಂದು ಕರೆಂಟು ಅಷ್ಟು ಕಡಿಮೆ ಜನಕ್ಕೆ ಯಾಕೆ? ಮಳೆಗಾಲದಲ್ಲಿ ಮಿಕ್ಕದ್ದನ್ನು ಅವರು ನಮಗೆ ಮಾರುತ್ತಾರೆ. ಬಂದ ದುಡ್ಡಿನಲ್ಲಿ ತಮ್ಮಲ್ಲಿ ಇಲ್ಲದ ಡೀಸೆಲ್, ತಮಗೆ ಸಾಕಾಗದ ಅಕ್ಕಿ ನಮ್ಮಿಂದ ಕೊಳ್ಳುತ್ತಾರೆ.

ಕರೆಂಟನ್ನು ಚೀಲಕ್ಕೆ ತುಂಬಿ ಲಾರಿಗೆ ಹೇರಲು ಆಗುವುದಿಲ್ಲ. ಮತ್ತೆ ಹೇಗೆ ಬರುತ್ತದೆ? ಒಂದು ದೊಡ್ಡ ಕೆರೆಯನ್ನು ನೆನೆಸಿಕೊಳ್ಳಿ. ಹತ್ತಾರು ಹಳ್ಳಗಳು ಬಂದು ಬೀಳುತ್ತವೆ, ಹತ್ತಾರು ತೂಬುಗಳಿಂದ ನೀರು ಗದ್ದೆಗೆ ಹೋಗುತ್ತದೆ. ನಿಮ್ಮ ಗದ್ದೆಗೆ ಬಂದ ನೀರು ಯಾವ ಹಳ್ಳದ್ದು ಅಂತ ಹೇಳಬಲ್ಲಿರಾ? ಕರೆಂಟಿನ ತಂತಿಗಳ ಜಾಲವೂ ಅಂಥದ್ದೇ ಕೆರೆ. ಒಂದೇ ವಿಚಿತ್ರ, ಈ ಕೆರೆಯಲ್ಲಿ ನೀರು ನಿಲ್ಲುವುದಿಲ್ಲ. ಬಂದಷ್ಟೂ ಆ ಕ್ಷಣವೇ ಖರ್ಚಾಗಬೇಕು.

ಮೊದಲು ನಮ್ಮ ದಕ್ಷಿಣದ ರಾಜ್ಯಗಳದ್ದು ಬೇರೆಯೇ ಕೆರೆಯಾಗಿತ್ತು, ಉತ್ತರದ ಕೆರೆಗೂ ಇದಕ್ಕೂ ನಡುವೆ ಕೆಲವು ಕಾಲುವೆಗಳಿದ್ದವು, ಅಷ್ಟೆ. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ ತಂತಿ ಎರಡನ್ನೂ ಸೇರಿಸಿತು. ಅಲ್ಲಿಂದೀಚೆಗೆ ಭೂತಾನಿನ ಹೊಳೆ ಬೀಳುವ ಕೆರೆಯೂ ನಮ್ಮ ಕೊರಟಗೆರೆಗೆ ತೂಬಿರುವ ಕೆರೆಯೂ ಒಂದೇ ಆದವು.

ಇನ್ನು ಕಥೆಯ ಮಗ್ಗುಲು ಬದಲಾಗುತ್ತದೆ ನೋಡಿ. ಚಳಿಗಾಲ ಬಂತೆಂದರೆ ಮೇಲಿನ ಹಿಮ ಕರಗುವುದಿಲ್ಲ, ಮಳೆಯೂ ಇಲ್ಲ, ಭೂತಾನಿನ ಹೊಳೆಗಳು ಸೊರಗುತ್ತವೆ. ಮನೆ ಬೆಚ್ಚಗಿಡಲು ಕರೆಂಟು ಬೇಕಾಗುವುದೂ ಆಗಲೇ. ಈಚಿನ ವರ್ಷಗಳಲ್ಲಿ ಅವರು ಆ ಹೊತ್ತಿನಲ್ಲಿ ನಮ್ಮಿಂದ ಕರೆಂಟು ಕೊಳ್ಳುತ್ತಾರೆ. ಅದೇ ಚಳಿಗಾಲದಲ್ಲಿ ನಮ್ಮ ಪಾವಗಡದ ಆಕಾಶ ಹೇಗಿರುತ್ತದೆ? ಒಂದು ಮೋಡವಿಲ್ಲ, ತೊಳೆದಿಟ್ಟ ತಟ್ಟೆ! ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹಾಸಿರುವ ಸೋಲಾರ್ ಫಲಕಗಳು ಆ ಬಿಸಿಲನ್ನು ಅದೇ ಕೆರೆಗೆ ಸುರಿಯುತ್ತಿರುತ್ತವೆ. ಬರಗಾಲದ ಸೀಮೆ ಅಂತ ಬೈಸಿಕೊಂಡ ಪಾವಗಡದ ಬಿಸಿಲು, ಹಿಮಾಲಯದಲ್ಲಿ ಯಾರೋ ಅಜ್ಜಿಯ ಕೋಣೆ ಕಾಯಿಸುವುದರಲ್ಲಿ ಒಂದು ಹನಿಯಷ್ಟಾದರೂ ಸೇರಿರಬಹುದು. ನನಗಂತೂ ಇದನ್ನು ನೆನೆಸಿಕೊಂಡಾಗಲೆಲ್ಲ ನಗು ಬರುತ್ತದೆ.

ಎಷ್ಟು ಬಂತು, ಎಷ್ಟು ಹೋಯಿತು ಅಂತ ತಿಳಿಯುವುದು ಹೇಗೆ? ಮೀಟರಿನಿಂದ. ನಿಮ್ಮ ಮನೆಯ ಮೀಟರಿನಲ್ಲಿ ಕೆಂಪು ಚುಕ್ಕಿಯೊಂದು ಮಿಟುಕುತ್ತಿರುತ್ತದೆ, ಹೋಗಿ ನೋಡಿ. ಎಲ್ಲ ದೀಪ ಆರಿಸಿದರೆ ನಿಧಾನ, ಮಿಕ್ಸಿ ಹಾಕಿದರೆ ಅವಸರ. ದೇಶಗಳ ನಡುವಿನ ತಂತಿಗೂ ಇದರ ದೊಡ್ಡಣ್ಣನಂಥ ಮೀಟರುಗಳಿವೆ.

ಅಕ್ಕಿ, ಡೀಸೆಲ್ ಎಲ್ಲ ಸರಕು. ಸರಕಲ್ಲದ ವ್ಯಾಪಾರವೂ ಒಂದಿದೆ, ಅದು ಸೇವೆ. ನಮ್ಮ ಗೊರವನಹಳ್ಳಿಯ ದೇವಸ್ಥಾನಕ್ಕೆ ಬಂದವರು ರೂಮು ಹಿಡಿದು ರಾತ್ರಿ ಉಳಿಯುತ್ತಾರಲ್ಲ, ಬೆಳಗ್ಗೆ ಹೋಗುವಾಗ ರೂಮನ್ನೇನೂ ಹೊತ್ತುಕೊಂಡು ಹೋಗುವುದಿಲ್ಲ. ಆದರೂ ದುಡ್ಡು ಕೊಟ್ಟಿರುತ್ತಾರೆ. ನಮ್ಮವರು ಭೂತಾನ್ ನೋಡಲು ಹೋದರೂ ಹಾಗೆಯೇ. ದೊಡ್ಡವರಾದರೆ ರಾತ್ರಿಗೆ ತಲೆಗೆ 1,200 ರೂಪಾಯಿ ಅಲ್ಲಿನ ಸರ್ಕಾರಕ್ಕೆ ಕಟ್ಟಬೇಕು, ಹೋಟೆಲಿನ ಬಾಡಿಗೆ ಬೇರೆ.

ಕಿಂಡಿಯಿಂದ ಬರುವುದೆಲ್ಲ ಎಲ್ಲರಿಗೂ ಸಿಹಿಯಲ್ಲ, ಅದನ್ನೂ ಹೇಳಿಬಿಡುತ್ತೇನೆ. ಭೂತಾನಿನಲ್ಲೂ ಅಡಿಕೆ ಬೆಳೆಯುತ್ತಾರೆ. ಹಸಿ ಅಡಿಕೆಗೆ ಎಲೆ ಸುಣ್ಣ ಸೇರಿಸಿ ‘ದೋಮಾ’ ಅಂತ ಅಗಿಯುತ್ತಾರೆ. ಹೊರದೇಶದ ಅಡಿಕೆ ತೀರಾ ಅಗ್ಗವಾಗಿ ನುಗ್ಗದಿರಲಿ ಎಂದು ನಮ್ಮ ಸರ್ಕಾರ ಹೊಲಕ್ಕೆ ಬದು ಹಾಕಿದಂತೆ ಒಂದು ಬೆಲೆ ಗೊತ್ತುಮಾಡಿದೆ, ಅದಕ್ಕಿಂತ ಕಡಿಮೆ ಬೆಲೆಯದು ಒಳಗೆ ಬರುವಂತಿಲ್ಲ. 2022ರ ಸೆಪ್ಟೆಂಬರಿನಲ್ಲಿ ಭೂತಾನಿಗೆ ಮಾತ್ರ ಆ ಬದುವಿನಲ್ಲಿ ಸ್ವಲ್ಪ ದಾರಿ ಬಿಟ್ಟರು: ವರ್ಷಕ್ಕೆ 17,000 ಟನ್ ಹಸಿ ಅಡಿಕೆ, ಬಂಗಾಳದ ಜೈಗಾಂವ್ ಗಡಿಯಿಂದ. ಲಾರಿಗೆ 10 ಟನ್ ಅಂತ ಹಿಡಿದು ದಿನಕ್ಕೆ ಎಷ್ಟು ಲಾರಿ ಅಂತ ನೀವೇ ಲೆಕ್ಕ ಮಾಡಿ. ಸುಮಾರು ಐದು ಬರುತ್ತದೆ. ನಮ್ಮ ದೇಶ ವರ್ಷಕ್ಕೆ ಬೆಳೆಯುವ ಅಡಿಕೆ 10 ಲಕ್ಷ ಟನ್ನಿಗೂ ಮೀರಿದ್ದು. ಅದರ ಮುಂದೆ ಇದು ಹಿಡಿಯಷ್ಟು. ಆದರೆ ಬೋರ್‌ವೆಲ್ ಕೊರೆಸಿ, ಸಾಲ ಮಾಡಿ ತೋಟ ಎಬ್ಬಿಸಿದವರಿಗೆ ಹಿಡಿಯೂ ಭಯವೇ. ಅವರ ಭಯ ಸುಳ್ಳು ಅಂತ ನಾನು ಹೇಳಲಾರೆ.

ನಮ್ಮ ಬೀದಿಯ ಅಡಿಕೆ ತೋಟದ ಮಾವ ಮೊನ್ನೆ ಸಂಜೆ ಜಗಲಿಯ ಮೇಲೆ ಕೂತು ಭೂತಾನಿನ ಅಡಿಕೆಯನ್ನು ಬಾಯ್ತುಂಬ ಬೈಯುತ್ತಿದ್ದರು. ಆರನೇ ಕ್ಲಾಸಿನ ಅವರ ಮೊಮ್ಮಗಳು ತಲೆಯ ಮೇಲಿನ ಬಲ್ಬನ್ನೇ ನೋಡುತ್ತಿದ್ದವಳು ಮೆಲ್ಲಗೆ ಕೇಳಿದಳು: “ತಾತಾ, ಈಗ ಮಳೆಗಾಲ ಅಲ್ವಾ? ಈ ಬಲ್ಬಲ್ಲಿ ಅವರ ಹೊಳೆ ಎಷ್ಟು ಇರಬೋದು?”

ಮಾವ ಬಲ್ಬನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. “ಇವಳಿಗೆ ಇದೆಲ್ಲಾ ಹೇಳಿಕೊಟ್ಟಿದ್ದು ನೀವೇ ತಾನೇ?” ಅಂದರು.