ಸ್ವಯಂ ಉದ್ಯೋಗದಲ್ಲಿ ‘ಸ್ವಯಂ’ ಎಷ್ಟು?



‘ನೌಕರಿ ಸಿಗದಿದ್ದರೆ ಸ್ವಂತ ಉದ್ಯೋಗ ಮಾಡು’ ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಮಾತು ಒಳ್ಳೆಯದೇ. ಹಜರತ್ ದಾವೂದ್ (ಅ.ಸ.) ಅವರು ತಮ್ಮ ಕೈದುಡಿಮೆಯಿಂದಲೇ ಉಣ್ಣುತ್ತಿದ್ದರೆಂದು ನಾವು ಚಿಕ್ಕಂದಿನಲ್ಲೇ ಕಲಿತಿದ್ದೇವೆ. ದಾರಿಯೂ ಈಗ ಸುಲಭವಾಗಿದೆ. ನಮ್ಮ ಹಳಿಯಾಳದಲ್ಲೇ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಯಲ್ಲಿ ಉಚಿತ ತರಬೇತಿ ಸಿಗುತ್ತದೆ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿವರೆಗೆ ಜಾಮೀನಿಲ್ಲದ ಸಾಲವಿದೆ. ಆದರೆ ಅರ್ಜಿ ಸುಲಭವಾದ ಮಾತ್ರಕ್ಕೆ ಬದುಕು ಸ್ವತಂತ್ರವಾಗುವುದಿಲ್ಲ.

ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿ ಯೋಜನೆಯನ್ನೇ ನೋಡಿ. 50,000 ರೂಪಾಯಿಯಲ್ಲಿ ಅರ್ಧವನ್ನು 36 ತಿಂಗಳೊಳಗೆ ತೀರಿಸಿದರೆ ಉಳಿದರ್ಧ ಸಹಾಯಧನ. ತಪ್ಪಿದರೆ ಆ ಅರ್ಧವೂ ಸಾಲವೇ. ಬಡ್ಡಿ ಬಿಟ್ಟು ಲೆಕ್ಕ ಹಾಕಿದರೂ ತಿಂಗಳಿಗೆ ಸುಮಾರು 700 ರೂಪಾಯಿ ಕಟ್ಟಬೇಕು.

ಈ ಹಣದಲ್ಲಿ ಒಬ್ಬ ಸಹೋದರಿ ಹೊಲಿಗೆ ಯಂತ್ರ ತಂದು, ಒಂದೇ ಅಂಗಡಿಗೆ ಹೊಲಿದುಕೊಡುತ್ತಾಳೆ ಎಂದಿಟ್ಟುಕೊಳ್ಳಿ. ಬಟ್ಟೆ ಅಂಗಡಿಯವರದು, ದರ ಅವರದು, ತಾರೀಖು ಅವರದು. ದಾರ, ಕರೆಂಟ್ ಬಿಲ್ಲು, ರಿಪೇರಿ, ಕಂತು ಇವಳದು. ರಂಜಾನ್ ಮುಂದೆ, ಶಾಲೆ ತೆರೆಯುವ ಜೂನ್‌ನಲ್ಲಿ ಕೈತುಂಬ ಕೆಲಸ. ಶ್ರಾವಣದ ಮಳೆಯಲ್ಲಿ ಯಂತ್ರಕ್ಕೆ ಬಟ್ಟೆ ಹೊದಿಸಿಡಬೇಕು. ಕಾಗದದಲ್ಲಿ ಅವಳು ಮಾಲಕಿ, ವ್ಯವಹಾರದಲ್ಲಿ ಕೂಲಿಯವಳು. ಕೂಲಿಯವಳಿಗೆ ಈ ಸಾಲವಾದರೂ ಇರುತ್ತಿರಲಿಲ್ಲ!

ಯೋಜನೆ ಬೇಡವೆಂದು ನಾನು ಹೇಳುತ್ತಿಲ್ಲ. ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ನನ್ನ ಕೆಲಸಕ್ಕೆ ದರ ಹೇಳುವವರು ಯಾರು? ಈ ಅಂಗಡಿ ಬೇಡವೆಂದರೆ ಎರಡನೆಯ ಗಿರಾಕಿ ಯಾರು? ಕೆಲಸವಿಲ್ಲದ ತಿಂಗಳು ಕಂತು ಎಲ್ಲಿಂದ? ಉತ್ತರವಿಲ್ಲದಿದ್ದರೆ ಅವಸರ ಬೇಡ.

ವಿದ್ಯಾರ್ಥಿಗಳೇ, ನಿಮಗೂ ಒಂದು ಕೆಲಸವಿದೆ. ಸಾಲದ ವ್ಯವಹಾರವನ್ನು ಬರೆದಿಡಿ ಎಂದು ಕುರ್‌ಆನ್ ಆದೇಶಿಸುತ್ತದೆ. ನಿಮ್ಮ ತಾಯಿಯೋ ಅಕ್ಕನೋ ದುಡಿಯುತ್ತಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ದಿನದ ಖರ್ಚು, ಗಳಿಕೆ, ಕಂತು ಬರೆದುಕೊಡಿ. ಒಂದು ಬ್ಲೌಸಿಗೆ ನಿಜವಾಗಿ ಉಳಿಯುವುದೆಷ್ಟು ಎಂಬುದು ಆಗ ತಿಳಿಯುತ್ತದೆ. ಅದು ತಿಳಿದವಳು ಮಾತ್ರ ‘ಈ ದರಕ್ಕೆ ಆಗುವುದಿಲ್ಲ’ ಎನ್ನಬಲ್ಲಳು. ನಮ್ಮ ಸಂಸ್ಥೆಯೂ ಹತ್ತು ಮಂದಿ ಹೊಲಿಯುವವರನ್ನು ಒಂದುಗೂಡಿಸಿ, ಶಾಲಾ ಸಮವಸ್ತ್ರದ ಕೆಲಸವನ್ನು ಅವರಿಗೇ ನೇರವಾಗಿ ಕೊಡಿಸಲು ಯತ್ನಿಸಬೇಕು.

‘ಆಗುವುದಿಲ್ಲ’ ಎನ್ನುವ ಧೈರ್ಯ ಬಂದ ದಿನವೇ ಉದ್ಯೋಗ ಸ್ವಂತದ್ದಾಗುತ್ತದೆ.